ಅರ್ಧ ಲೋಟದ ಊರು

ಆ ಊರಲ್ಲಿ ಯಾರೂ ಯಾರಿಗೂ ಲೋಟ ತುಂಬ ನೀರು ಕೊಡುವುದಿಲ್ಲ. ಬಂದವರಿಗೆ ಅರ್ಧ ಲೋಟ, ಹೊರಟವರಿಗೆ ಅರ್ಧ ಲೋಟ, ಮದುವೆಗೆ ಬಂದ ಬೀಗರಿಗೂ ಅರ್ಧವೇ. ಜಿಪುಣತನ ಅಂದುಕೊಳ್ಳಬೇಡಿ. ಇನ್ನೊಮ್ಮೆ ಕೇಳಿದರೆ ಇನ್ನೊಂದು ಅರ್ಧ, ಮತ್ತೊಮ್ಮೆ ಕೇಳಿದರೆ ಮತ್ತೊಂದು ಅರ್ಧ, ಹೊಟ್ಟೆ ಬಿರಿಯುವವರೆಗೂ ಕೊಡುತ್ತಾರೆ. ಆ ಊರಿನ ಜನರ ಕೈ ನಡುಗುತ್ತದೆ. ತುಂಬಿದ ಲೋಟ ಹಿಡಿದರೆ ಮೈಮೇಲೆ ಚೆಲ್ಲಿಕೊಳ್ಳುತ್ತಾರೆ, ಅಷ್ಟೇ ವಿಷಯ.

ಕೈ ನಡುಗುವುದು ಅಲ್ಲಿ ಮರ್ಯಾದೆಯ ಸಂಗತಿ. ಹೆಣ್ಣು ನೋಡಲು ಬಂದವರು ಹೆಣ್ಣಿನ ಮುಖ ಆಮೇಲೆ ನೋಡುತ್ತಾರೆ, ಮೊದಲು ಅವಳ ಅಪ್ಪ ಮಜ್ಜಿಗೆ ಲೋಟ ಹೇಗೆ ಹಿಡಿಯುತ್ತಾನೆಂದು ನೋಡುತ್ತಾರೆ. ಲೋಟ ತಟ್ಟೆಗೆ ತಾಗಿ ಕಟಕಟ ಅಂದರೆ, ಸರಿ, ಇದು ಮೀನು ತಂದ ಮನೆ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ತುಂಬಿದ ಲೋಟ ಕೊಡುವುದು ಒಂದೇ ಒಂದು ಥರದ ಜನಕ್ಕೆ. ಅಂಥವರಲ್ಲಿ ಆಗ ಊರಲ್ಲಿ ಬದುಕಿದ್ದವನು ಒಬ್ಬನೇ. ಅವನ ಮಾತು ಆಮೇಲೆ ಬರುತ್ತದೆ.

ಊರಿಗೊಂದು ನದಿ. ನದಿಗೆ ಇಳಿಯಲು ಹನ್ನೆರಡು ಮೆಟ್ಟಿಲು. ವರ್ಷಕ್ಕೊಮ್ಮೆ ನದಿ ಎದ್ದು ದಿನಕ್ಕೊಂದರಂತೆ ಮೆಟ್ಟಿಲು ಹತ್ತುತ್ತದೆ, ಸೊಂಟ ಹಿಡಿದುಕೊಂಡ ಮುದುಕಿಯ ಹಾಗೆ ನಿಧಾನವಾಗಿ. ಏಳನೇ ಮೆಟ್ಟಿಲು ಮುಳುಗುವುದರೊಳಗೆ ಅದಕ್ಕೆ ಕೊಡಬೇಕಾದ್ದನ್ನು ಕೊಡಬೇಕು. ಕೊಟ್ಟರೆ ಅಲ್ಲಿಗೇ ನಿಂತು ಹಿಂದೆ ಸರಿಯುತ್ತದೆ. ಕೊಡದಿದ್ದರೆ ಏನಾಗುತ್ತದೆಂದು ನೋಡಿದವರಿಲ್ಲ. ನೋಡೋಣ ಅಂದವರೂ ಇಲ್ಲ.

ಕೊಡುವುದು ಸರದಿಯ ಮೇಲೆ, ವರ್ಷಕ್ಕೊಂದು ಮನೆ. ಆ ಮನೆಯಲ್ಲಿ ಒಬ್ಬರು ದೋಣಿ ಹತ್ತಿ ಗಾಳ ಹಿಡಿಯಬೇಕು, ಇನ್ನೊಬ್ಬರು ದಡದಲ್ಲಿ ಕಾಯಬೇಕು. ಗಾಳಕ್ಕೆ ಹೊನ್ನಹುರುಪೆ ಬಿದ್ದರೆ ಪುಣ್ಯ. ಆ ಮೀನಿನ ಒಂದೊಂದು ಹುರುಪೆಯೂ ಅಂಗೈಯಗಲ, ಬಿಸಿಲಿಗೆ ಹಿಡಿದರೆ ನೋಡುವವರ ಮುಖವೇ ಹಳದಿಯಾಗುತ್ತದೆ. ಅದನ್ನು ತಂದು ಏಳನೇ ಮೆಟ್ಟಿಲ ಮೇಲೆ ಮಲಗಿಸಿದರೆ ಮುಗಿಯಿತು. ಮೀನು ಸಿಗದಿದ್ದರೆ, ಕಾದು ನಿಂತವರನ್ನು ಅದೇ ದೋಣಿಯಲ್ಲಿ ಕೂರಿಸಿ ಆಚೆ ದಡಕ್ಕೆ ಬಿಟ್ಟು ಬರಬೇಕು. ನದಿಗೆ ಎರಡೂ ಒಂದೇ.

ಹಾಗೆ ಬಿಟ್ಟವರೆಲ್ಲ ಆಚೆ ದಡದಲ್ಲಿ ಸಾಲಾಗಿ ನಿಂತಿರುತ್ತಾರೆ, ಊರಿಗೆ ಬೆನ್ನು ಹಾಕಿ. ಮಳೆ ಬಂದರೂ ನಿಂತಿರುತ್ತಾರೆ, ಬಿಸಿಲು ಬಂದರೂ ನಿಂತಿರುತ್ತಾರೆ. ಹೆಸರು ಹಿಡಿದು ಕೂಗಿದರೆ ತಿರುಗುವುದಿಲ್ಲ. ಒಟ್ಟು ಹದಿನಾರು ಬೆನ್ನು. ಬಟ್ಟೆ ಒಗೆಯುವ ಹೆಂಗಸರು ತಲೆ ತಗ್ಗಿಸಿಕೊಂಡೇ ಒಗೆದು, ತಲೆ ತಗ್ಗಿಸಿಕೊಂಡೇ ಮೆಟ್ಟಿಲು ಹತ್ತಿ ಮನೆ ಸೇರಿಕೊಳ್ಳುತ್ತಾರೆ.

ಇನ್ನು ಮೀನಿನ ಗುಣ. ಹೊನ್ನಹುರುಪೆ ಹೆದರಿದವರ ಗಾಳಕ್ಕೆ ಮಾತ್ರ ಬಾಯಿ ಹಾಕುತ್ತದೆ. ಎದೆಯಲ್ಲಿ ಹುಟ್ಟಿದ ನಡುಕ ತೋಳಿಗೆ ಬಂದು, ಬೆರಳಿಗೆ ಬಂದು, ದಾರ ಹಿಡಿದು ನೀರಿನ ತಳಕ್ಕೆ ಇಳಿಯಬೇಕು. ಆಗ ಅದು ಮೇಲೆ ಬರುತ್ತದೆ. ಒಮ್ಮೆ ಬಂದ ನಡುಕ ಮಾತ್ರ ಸುಲಭಕ್ಕೆ ಕೈ ಬಿಟ್ಟು ಹೋಗುವುದಿಲ್ಲ. ಅದಕ್ಕೇ ಅರ್ಧ ಲೋಟ.

ಆ ವರ್ಷ ಸರದಿ ಬಂದದ್ದು ಕಣ್ಣು ಬರೆಯುವವಳ ಮನೆಗೆ.

ಆ ಊರಿನ ದೋಣಿಗಳಿಗೆ ಮೂತಿಯ ಎರಡು ಪಕ್ಕದಲ್ಲೂ ಕಣ್ಣು ಬರೆದಿರುತ್ತಾರೆ. ಕಣ್ಣಿಲ್ಲದ ದೋಣಿಯನ್ನು ನೀರಿಗೆ ಇಳಿಸುವುದಿಲ್ಲ. ಸುಣ್ಣದ ಬಿಳಿ, ಅದರೊಳಗೆ ದೀಪದ ಮಸಿಯ ಕಪ್ಪು, ಸುತ್ತ ಕೂದಲೆಳೆಯಷ್ಟು ಸಣ್ಣ ಗೆರೆ. ಆ ಗೆರೆ ಎಳೆಯಲು ನಡುಗದ ಕೈ ಬೇಕು. ಆ ತುಂಬಿದ ಲೋಟದವನನ್ನು ಬಿಟ್ಟರೆ ಊರಿಗೆಲ್ಲ ಅಂಥ ಕೈ ಇದ್ದದ್ದು ಅವಳೊಬ್ಬಳಿಗೆ. ಅವಳಿಗೆ ಹೆದರಿಕೆಯೆಂದರೆ ಏನೆಂದೇ ಗೊತ್ತಿರಲಿಲ್ಲ. ಅಪ್ಪ ಅಮ್ಮ ತೀರಿಹೋದಾಗ ಅವಳಿಗೆ ತಿಳಿವಳಿಕೆ ಬಂದಿರಲಿಲ್ಲ. ತಿಳಿವಳಿಕೆ ಬರುವ ಹೊತ್ತಿಗೆ ಅಕ್ಕ ಎಲ್ಲವನ್ನೂ ತನ್ನ ತಲೆಯ ಮೇಲೆ ಹೊತ್ತುಕೊಂಡಾಗಿತ್ತು. ಅಕ್ಕ ಮದುವೆಯಾಗಲಿಲ್ಲ. ತಂಗಿಗೆ ಮಸಿ ಅರೆದುಕೊಡುತ್ತ, ಅವಳಿಗೆ ಬೆನ್ನು ಹಾಕಿ ಮೂಲೆಯ ಕಲ್ಲಿನ ಮುಂದೆ ಕೂತೇ ಅರ್ಧ ಆಯಸ್ಸು ಕಳೆದಳು.

ಊರಿನ ಯಜಮಾನರು ಮನೆಗೆ ಬಂದು ಜಗಲಿಯ ಮೇಲೆ ಕೂತರು. "ನಿಮ್ಮಿಬ್ಬರಲ್ಲಿ ಗಾಳ ಹಿಡಿಯೋರು ಯಾರಮ್ಮ?" ಎಂದು ಕೇಳಿದರು.

"ಇವಳು ಹಿಡೀತಾಳೆ" ಎಂದಳು ಅಕ್ಕ, ತಂಗಿ ಬಾಯಿ ತೆಗೆಯುವ ಮೊದಲೇ.

"ಇವಳಾ? ಹೋದ ವರ್ಷ ನಮ್ಮನೆ ಹಿತ್ತಲಲ್ಲಿ ನಾಗರಹಾವನ್ನ ಬಾಲ ಹಿಡಿದು ಬೇಲಿ ದಾಟಿಸಿದವಳು ಇವಳಲ್ಲವಾ? ಇವಳ ಗಾಳಕ್ಕೆ ಮೀನು ಬಿದ್ದ ಹಾಗೆಯೇ. ಯೋಚನೆ ಮಾಡಿ ಹೇಳಮ್ಮ."

"ಯೋಚನೆ ಮಾಡಿಯೇ ಹೇಳಿದ್ದು. ಅವಳು ದೋಣಿ ಹತ್ತಲಿ. ನಾನು ಕಾಯ್ತೀನಿ."

ಯಜಮಾನರು ಅಕ್ಕನನ್ನು ಒಂದು ಗಳಿಗೆ ನೋಡಿದರು. ಆಮೇಲೆ ತಮ್ಮ ಅರ್ಧ ಲೋಟ ನೀರನ್ನು ಎರಡು ಕೈಯಲ್ಲಿ ಹಿಡಿದು ಕುಡಿದು ಎದ್ದು ಹೋದರು.

ಹುಟ್ಟು ಹಾಕುವ ಕೆಲಸ ಅಂಬಿಗನದು. ತುಂಬಿದ ಲೋಟದವನು ಅಂದೆನಲ್ಲ, ಅವನೇ ಇವನು. ಗಾಳ ಹಿಡಿದವರು ಎಷ್ಟು ನಡುಗಿದರೂ ಹುಟ್ಟು ಹಿಡಿದವನು ನಡುಗಬಾರದು, ದೋಣಿ ಮಗುಚುತ್ತದೆ. ಅವನ ಕೈ ಕಲ್ಲಿನಲ್ಲಿ ಕಡೆದ ಹಾಗಿತ್ತು. ಮಾತು ಕಡಿಮೆ, ನಗು ಇಲ್ಲವೇ ಇಲ್ಲ.

ಮೊದಲ ಮೆಟ್ಟಿಲು ಮುಳುಗಿದ ದಿನ ಅವನು ಅವಳನ್ನು ಆನೆಬಂಡೆಯ ಕೆಳಗಿನ ಮಡುವಿಗೆ ಕರೆದುಕೊಂಡು ಹೋದ. ರಾಗಿ ಹಿಟ್ಟಿಗೆ ಬೆಲ್ಲ, ಚಿಟಿಕೆ ಇಂಗು ಹಾಕಿ ಬೇಯಿಸಿದ ಮುದ್ದೆ ತಂದಿದ್ದ. ಅದನ್ನು ನಿಂಬೆಹಣ್ಣಿನಷ್ಟು ಉಂಡೆ ಮಾಡಿ ಗಾಳ ಕಾಣದ ಹಾಗೆ ಮುಚ್ಚುವುದನ್ನು ತೋರಿಸಿದ. ದಾರವನ್ನು ತೋರುಬೆರಳ ಮೇಲೆ ಹಾಯಿಸಿಕೊಳ್ಳುವುದನ್ನು ತೋರಿಸಿದ.

"ಕಚ್ಚಿದ ಕೂಡಲೇ ಎಳೀಬೇಡ ಕಣಮ್ಮ. ಎಳೆದರೆ ದಾರಾನೂ ಹೋಗುತ್ತೆ, ಬೆರಳೂ ಹೋಗುತ್ತೆ. ಅದು ಓಡಲಿ, ನೀನು ದಾರ ಬಿಡು, ನಾನು ದೋಣಿ ಬಿಡ್ತೀನಿ. ಸುಸ್ತಾಗಿ ಹೊಟ್ಟೆ ಮೇಲೆ ಮಾಡುತ್ತೆ. ಆಗ ಕಿವಿರಿಗೆ ಕೈ ಹಾಕು."

"ಇಷ್ಟೇನಾ ಅಣ್ಣ?"

"ಕೈಗೆ ಇಷ್ಟೇ. ಮಿಕ್ಕಿದ್ದು ನಾನು ಕಲಿಸಕ್ಕಾಗಲ್ಲ."

ಅವಳು ಸಂಜೆಯವರೆಗೂ ದಾರ ಹಿಡಿದು ಕೂತಳು. ದಾರ ನೀರಿನೊಳಗೆ ನೆಟ್ಟಗೆ, ಗಾರೆಯವನು ಗೋಡೆಗೆ ಬಿಟ್ಟ ತೂಕದ ನೂಲಿನ ಹಾಗೆ ಇಳಿದಿತ್ತು. ಏನೂ ಬರಲಿಲ್ಲ.

ಎರಡನೇ ಮೆಟ್ಟಿಲು ಮುಳುಗಿದ ದಿನ ಅವಳು ಜಾಣತನ ಮಾಡಿದಳು. ಬೇಕೆಂದೇ ಕೈ ಅಲುಗಿಸಿದಳು. ಅಂಬಿಗ ಮುಖ ಆಚೆ ತಿರುಗಿಸಿಕೊಂಡ. ಮೂರನೇ ದಿನ ಕುತ್ತಿಗೆವರೆಗೂ ನೀರಲ್ಲಿ ನಿಂತು, ಹಲ್ಲು ಕಟಕಟಿಸುವಷ್ಟು ಚಳಿ ಹಿಡಿಸಿಕೊಂಡು ದೋಣಿ ಹತ್ತಿದಳು. ಬೆರಳುದ್ದದ ಒಂದು ಮೀನು ಬಿತ್ತು. ಚಳಿಯ ನಡುಕಕ್ಕೆ ಅಷ್ಟೇ ಬೆಲೆ.

ನಾಲ್ಕನೇ ದಿನ ಊರವರು ಸೇರಿ ಅವಳನ್ನು ಹೆದರಿಸಲು ನಿಂತರು. ಹೀಗೊಂದು ತಮಾಷೆ ಇನ್ನೆಲ್ಲೂ ನಡೆದಿರಲಾರದು. ಬುಟ್ಟಿಯಲ್ಲಿ ಹಾವು ತಂದರು. ಅವಳು ಮುಚ್ಚಳ ತೆಗೆದು, ಪಾಪ, ಇದಕ್ಕೆ ಉಸಿರು ಕಟ್ಟುತ್ತಿದೆ ಎಂದಳು. ಮಸಿ ಬಳಿದುಕೊಂಡ ಗಂಡಸರು ಕಂಬದ ಹಿಂದಿನಿಂದ ಅವಳ ಮುಂದೆ ಹಾರಿದರು. ಅವಳು ಒಬ್ಬೊಬ್ಬರನ್ನೂ ಗುರುತು ಹಿಡಿದು, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರಾ ಎಂದು ವಿಚಾರಿಸಿದಳು. ಕೊನೆಗೆ ಬಾವಿಯ ಕಟ್ಟೆಯ ಮೇಲೆ ಒಂಟಿ ಕಾಲಲ್ಲಿ ನಿಲ್ಲಿಸಿದರು. ನಿಂತಳು. ನೋಡುತ್ತಿದ್ದವರಿಗೇ ಜೀವ ಬಾಯಿಗೆ ಬಂತು. ಅವಳ ಕೈ ಮಾತ್ರ ಅಲುಗಲಿಲ್ಲ. ಆಗ ಯಾರೂ ನಗಲಿಲ್ಲ. ಒಬ್ಬೊಬ್ಬರಾಗಿ ಮನೆಗೆ ಹೋಗಿ ಕಿಟಕಿ ಹಾಕಿಕೊಂಡರು.

ಐದನೇ ದಿನ ಅವಳು ನದಿಯಿಂದ ಬರುವ ಹೊತ್ತಿಗೆ ಮನೆ ತುಂಬ ಹೆಂಗಸರು. ಅಕ್ಕನನ್ನು ಮಣೆಯ ಮೇಲೆ ಕೂರಿಸಿ ಮಡಿಲು ತುಂಬುತ್ತಿದ್ದರು. ಅಕ್ಕಿ, ಬೆಲ್ಲ, ಕೊಬ್ಬರಿ, ಬಳೆ, ಎಲೆ ಅಡಿಕೆ. ತವರಿಂದ ಹೆಣ್ಣು ಕಳಿಸುವಾಗ ಮಾಡುವ ಶಾಸ್ತ್ರವನ್ನೇ ಆ ಊರಲ್ಲಿ ಆಚೆ ದಡಕ್ಕೆ ಕಳಿಸುವವರಿಗೂ ಮಾಡುತ್ತಾರೆ. ಹಾಡು ಮಾತ್ರ ಹೇಳುವುದಿಲ್ಲ. ನಡುಗುವ ಕೈಗಳಿಂದ ಅಕ್ಕಿ ಅಲ್ಲಲ್ಲಿ ನೆಲಕ್ಕೆ ಬೀಳುತ್ತಿತ್ತು.

"ಯಾರು ಕರೆದರು ಇವರನ್ನ? ಇನ್ನೂ ಎರಡು ದಿನ ಇದೆ" ಎಂದಳು ಅವಳು ಸಿಟ್ಟಿನಿಂದ.

"ಬಂದಿದ್ದಾರೆ, ಕೊಡಲಿ ಬಿಡೆ" ಎಂದಳು ಅಕ್ಕ, ಕೈಗಳನ್ನು ಮಡಿಲ ಸೆರಗಿನ ಕೆಳಗೆ ಇಟ್ಟುಕೊಂಡು. "ನಾಳೆ ಮೀನು ಬಂದರೆ ಇದೇ ಅಕ್ಕೀಲಿ ಪಾಯಸ ಮಾಡ್ತೀನಿ. ಆಗಬಹುದಾ?"

"ಬರುತ್ತೆ ಅಕ್ಕ. ಬರದೆ ಎಲ್ಲಿಗೆ ಹೋಗುತ್ತೆ?"

"ಹೂಂ. ಆದರೂ ಕೇಳು. ಮಸಿಗೆ ಹರಳೆಣ್ಣೆ ಎರಡೇ ತೊಟ್ಟು ಹಾಕು, ಜಾಸ್ತಿಯಾದರೆ ಇಳಿಯುತ್ತೆ. ಸುಣ್ಣದ ಗಡಿಗೆಗೆ ಒದ್ದೆ ಬಟ್ಟೆ ಮುಚ್ಚೋದು ಮರೀಬೇಡ. ಉಣ್ಣೋ ಹೊತ್ತಿಗೆ ಉಣ್ಣು."

ಅವಳು ಕೇಳಿಸಿಕೊಳ್ಳಲಿಲ್ಲ. ಅಕ್ಕ ಇಲ್ಲದ ಮನೆ ಎಂಬ ಮಾತು ಅವಳ ತಲೆಯೊಳಗೆ ಹೋಗುತ್ತಲೇ ಇರಲಿಲ್ಲ. ಬೆಳಗಾದರೆ ಬಿಸಿಲು ಬರುತ್ತದೆ, ಮೂಲೆಯಲ್ಲಿ ಅಕ್ಕ ಇರುತ್ತಾಳೆ, ಅಷ್ಟು ಗಟ್ಟಿಯಾಗಿ ನಂಬಿದ್ದಳು. ಹೆದರಲು ಅವಳಿಗೆ ಜಾಗವೇ ಇರಲಿಲ್ಲ.

ಆರನೇ ದಿನವೂ ಹೋಯಿತು. ಮಡು ಕಪ್ಪಾಗಿತ್ತು, ದಾರ ನೆಟ್ಟಗಿತ್ತು.

ಏಳನೇ ದಿನ ಬೆಳಗ್ಗೆ ನೀರು ಏಳನೇ ಮೆಟ್ಟಿಲಿನ ಅಂಚು ನೆಕ್ಕುತ್ತಿತ್ತು. ಮಧ್ಯಾಹ್ನದೊಳಗೆ ಅದು ಮುಳುಗುತ್ತದೆಂದು ಯಜಮಾನರು ಹೇಳಿದರು. ಮಡುವಿನಲ್ಲಿ ದೋಣಿ ನಿಲ್ಲಿಸಿ ಅಂಬಿಗ ಹೊತ್ತು ನೋಡಿದ. ಆಮೇಲೆ ಸೊಂಟದ ಚೀಲದಿಂದ ಹಿತ್ತಾಳೆ ಲೋಟ ತೆಗೆದು, ನದಿಯಲ್ಲಿ ಮುಳುಗಿಸಿ, ಅಂಚಿನವರೆಗೂ ತುಂಬಿಸಿ ಎತ್ತಿದ. ನೀರು ಲೋಟದ ಬಾಯಿಗಿಂತ ಒಂದು ಕೂದಲೆಳೆ ಮೇಲೆಯೇ ಉಬ್ಬಿ ನಿಂತಿತ್ತು. ಒಂದು ಹನಿ ಚೆಲ್ಲಲಿಲ್ಲ. ದೋಣಿ ತೂಗುತ್ತಿತ್ತು, ನೀರು ತೂಗಲಿಲ್ಲ.

"ನನ್ನ ಕೈಯೂ ಹಾಗೇ ಅಣ್ಣ" ಎಂದಳು ಅವಳು.

"ಗೊತ್ತು. ಏಳು ದಿನದಿಂದ ನೋಡ್ತಾ ಇದೀನಿ. ನಿನ್ನ ಕೈ ನೋಡಿದಾಗಲೆಲ್ಲ ನನಗೆ ಅವತ್ತಿನ ನನ್ನ ಕೈ ನೆನಪಾಗುತ್ತೆ." ಅವನು ಕುಡಿದು ಲೋಟ ಕೆಳಗಿಟ್ಟ. "ಆಚೆ ದಡದಲ್ಲಿ ಬಲತುದೀಲಿ ನಿಂತಿದಾಳಲ್ಲ, ಹಸಿರು ಸೀರೆ, ಅವಳು ನನ್ನ ಹೆಂಡತಿ."

ಅದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಅವನ ಬಾಯಿಂದ ಯಾರೂ ಕೇಳಿರಲಿಲ್ಲ.

"ನಾನೂ ನಿನ್ನ ಥರಾನೇ ಇದ್ದೆ ಕಣಮ್ಮ. ಯಾವುದಕ್ಕೂ ಹೆದರಿದವನಲ್ಲ. ಮೀನು ಬರದೆ ಎಲ್ಲಿಗೆ ಹೋಗುತ್ತೆ ಅಂತ ನಗ್ತಾ ನಗ್ತಾ ಕೂತಿದ್ದೆ, ಇದೇ ಜಾಗದಲ್ಲಿ. ಬರಲಿಲ್ಲ. ಅವಳನ್ನ ಕೂರಿಸಿಕೊಂಡು ಹೊರಟೆ. ನಡು ನೀರಲ್ಲಿ ಅವಳು ಬಾಯಾರಿಕೆ ಅಂದಳು. ಲೋಟದಲ್ಲಿ ನೀರು ಕೊಡಕ್ಕೆ ಹೋದೆ, ಕೈ ನಡುಗಿಬಿಡ್ತು. ನೀರೆಲ್ಲ ಅವಳ ಸೀರೆ ಮೇಲೆ. ಅವಳು ಕೈ ನೋಡಿದಳು. ಈಗ ಬಂತಾ ಅಂದಳು. ಅಷ್ಟೇ ಅಂದದ್ದು."

ಅವಳು ದಾರವನ್ನು ಬೆರಳ ಮೇಲೆ ಸರಿಮಾಡಿಕೊಂಡಳು.

"ಹೋಗುವಾಗ ನಡುಗಿದ ಕೈ, ಅವಳನ್ನ ಬಿಟ್ಟು ದೋಣಿ ತಿರುಗಿಸಿದ ಕೂಡಲೇ ನಿಂತು ಹೋಯ್ತು. ಇವತ್ತಿನವರೆಗೂ ಅಲುಗಿಲ್ಲ. ಇನ್ನು ಏನಕ್ಕೆ ಅಂತ ನಡುಗಲಿ? ಊರವರು ಲೋಟ ತುಂಬ ನೀರು ಕೊಡ್ತಾರೆ. ಕುಡೀತೀನಿ."

ಅವಳು ಅವನ ಕೈ ನೋಡಿದಳು. ತನ್ನ ಕೈ ನೋಡಿಕೊಂಡಳು. ಎರಡೂ ಒಂದೇ ಥರ ಇದ್ದವು. ಆಮೇಲೆ ಏಕೋ ಊರ ಕಡೆ ತಿರುಗಿದಳು.

ಎಂಟನೇ ಮೆಟ್ಟಿಲ ಮೇಲೆ ಅಕ್ಕ ನಿಂತಿದ್ದಳು. ಹೊಸ ಸೀರೆ, ತುಂಬಿದ ಮಡಿಲು. ಮೇಲಿನ ಮೆಟ್ಟಿಲಲ್ಲಿದ್ದ ಹೆಂಗಸರಿಗೆ ಕೈಮುಗಿದು ಹೇಳಿ ಹೋಗುವ ಶಾಸ್ತ್ರ ನಡೆದಿತ್ತು. ಹಾಗಾಗಿ ಅಕ್ಕ ನದಿಗೆ ಬೆನ್ನು ಹಾಕಿದ್ದಳು.

ಆ ಬೆನ್ನನ್ನು ಅವಳು ಹುಟ್ಟಿದಾಗಿನಿಂದ ನೋಡಿದ್ದಳು. ಮಸಿ ಅರೆಯುವಾಗ ಸ್ವಲ್ಪ ಎಡಕ್ಕೆ ವಾಲುವ ಬೆನ್ನು, ಕುತ್ತಿಗೆಯ ಹತ್ತಿರ ಸಡಿಲವಾದ ತುರುಬು. ಕೂಗಿದರೆ ಏನೇ ಅಂತ ತಿರುಗುವ ಬೆನ್ನು. ಅವಳು ಈಚೆ ಅಕ್ಕನನ್ನು ನೋಡಿದಳು, ಆಚೆ ದಡದ ಸಾಲು ನೋಡಿದಳು. ಹಸಿರು ಸೀರೆಯ ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಖಾಲಿಯಿತ್ತು.

"ಅಕ್ಕಾ" ಎಂದು ಕೂಗಿದಳು.

ಗಾಳಿ ಎದುರಿತ್ತು. ಅಕ್ಕನಿಗೆ ಕೇಳಿಸಲಿಲ್ಲ. ಅಕ್ಕ ತಿರುಗಲಿಲ್ಲ.

ಅವಳ ಎದೆಯೊಳಗೆ ಏನೋ ಕದಲಿತು. ಇದೇನೆಂದು ಅವಳಿಗೆ ತಿಳಿಯಲಿಲ್ಲ, ಯಾಕೆಂದರೆ ಇದು ಅವಳಿಗೆ ಹೊಸದು. ಮೊದಲು ಬಾಯಿ ಒಣಗಿತು. ಕಿವಿಯೊಳಗೆ ಗುಂಯ್ ಅಂದಿತು. ಇನ್ನೊಮ್ಮೆ ಕೂಗಲು ಹೋದರೆ ದನಿ ಹೊರಡಲಿಲ್ಲ. ಬೆಳಗಾದರೆ ಮೂಲೆಯ ಕಲ್ಲು ಇರುತ್ತದೆ, ಅದರ ಮುಂದೆ ಯಾರೂ ಇರುವುದಿಲ್ಲ. ನಾನು ತುಂಬಿದ ಲೋಟದಲ್ಲಿ ನೀರು ಕುಡಿಯುತ್ತಿರುತ್ತೇನೆ, ಒಂದು ಹನಿ ಚೆಲ್ಲದೆ, ವರ್ಷಗಟ್ಟಲೆ. ಅಯ್ಯೋ ಅಂದುಕೊಂಡಳು. ಭುಜ ಅದುರಿತು. ಮೊಣಕೈ ಅದುರಿತು. ತೋರುಬೆರಳ ಮೇಲಿನ ದಾರ ವೀಣೆಯ ತಂತಿಯ ಹಾಗೆ ಮಿಡಿಯತೊಡಗಿತು.

ಮಡುವಿನ ಕಪ್ಪಿನೊಳಗೆ ಎಲ್ಲೋ ಕೆಳಗೆ ಒಂದು ಹಳದಿ ಬೆಳಕು ಹೊರಳಿತು.

"ಬಂತು" ಎಂದ ಅಂಬಿಗ ಮೆಲ್ಲಗೆ. "ಎಳೀಬೇಡ. ಬಿಡು, ಬಿಡು."

ದಾರ ಸರ್ರನೆ ಓಡಿತು. ಬೆರಳಿನ ಚರ್ಮ ಸುಲಿದು ಹೋಯಿತು, ಅವಳಿಗೆ ಗೊತ್ತಾಗಲಿಲ್ಲ. ಈಗ ಅವಳಿಗೆ ಎಲ್ಲದಕ್ಕೂ ಹೆದರಿಕೆ. ದಾರ ತುಂಡಾದೀತೆಂದು ಹೆದರಿಕೆ, ಗಾಳ ಕಳಚೀತೆಂದು ಹೆದರಿಕೆ, ದೋಣಿಯ ಕಣ್ಣಿಗೆ ದಾರಿ ಕಾಣದೆ ಹೋದೀತೆಂದು ಹೆದರಿಕೆ. ಮೀನು ಓಡಿದ ಕಡೆ ದೋಣಿ ಓಡಿತು. ಮೀನು ಆಚೆ ದಡದ ಕಡೆಗೇ ಓಡಿತು. ಹದಿನಾರು ಬೆನ್ನುಗಳು ಹತ್ತಿರ ಬಂದವು, ಸೀರೆಯ ಅಂಚು ಕಾಣುವಷ್ಟು, ಪಂಚೆಯ ಕೊಳೆ ಕಾಣುವಷ್ಟು. ಅವಳು ಕಣ್ಣು ಮುಚ್ಚಿಕೊಂಡು ದಾರ ಬಿಡುತ್ತಲೇ ಇದ್ದಳು. ಅಂಬಿಗ ಆ ಕಡೆ ನೋಡದೆ ಹುಟ್ಟು ಹಾಕಿದ. ಕೊನೆಗೊಮ್ಮೆ ಮೀನು ತಿರುಗಿತು, ಸುಸ್ತಾಯಿತು, ಹೊಟ್ಟೆ ಮೇಲೆ ಮಾಡಿತು. ಅವಳು ನಡುಗುವ ಕೈಯನ್ನೇ ಕಿವಿರಿಗೆ ಹಾಕಿ ಅದನ್ನು ದೋಣಿಗೆ ಎಳೆದುಕೊಂಡಳು.

ಏಳನೇ ಮೆಟ್ಟಿಲ ಮೇಲೆ ಗೇಣುದ್ದ ಒಣ ಜಾಗ ಉಳಿದಿತ್ತು. ಅಲ್ಲಿ ಹೊನ್ನಹುರುಪೆಯನ್ನು ಮಲಗಿಸಿದಳು. ನೀರು ಬಂದು ಅದರ ಬಾಲ ಮುಟ್ಟಿತು, ನಿಂತಿತು, ಸ್ವಲ್ಪ ಹೊತ್ತು ಯೋಚಿಸಿದ ಹಾಗೆ ಮಾಡಿ ಹಿಂದೆ ಸರಿಯಿತು. ಯಾರೂ ಕೂಗಲಿಲ್ಲ. ಆ ಊರಲ್ಲಿ ಖುಷಿಗೂ ಕೈ ನಡುಗುತ್ತದೆ, ಅಷ್ಟೇ.

ಮೀನು ತಂದ ದೋಣಿಗೆ ಅವತ್ತೇ ಕಣ್ಣು ತಿದ್ದಬೇಕು. ಮಧ್ಯಾಹ್ನ ದೋಣಿಯನ್ನು ಮನೆಯಂಗಳಕ್ಕೆ ತಂದರು. ಅಕ್ಕ ಮಸಿ ಅರೆದಳು, ಅವಳು ಕುಂಚ ಹಿಡಿದಳು. ಗೆರೆ ಅಡ್ಡಾದಿಡ್ಡಿ ಓಡಿತು. ಒರೆಸಿ ಮತ್ತೆ ಎಳೆದಳು, ಮತ್ತೆ ಓಡಿತು. ಎಡಗೈಯಲ್ಲಿ ಬಲಗೈ ಹಿಡಿದುಕೊಂಡಳು, ಎರಡೂ ಸೇರಿ ನಡುಗಿದವು. ಕೊನೆಗೆ ಉಳಿದದ್ದು ಅಗಲವಾಗಿ ಬಿಟ್ಟುಕೊಂಡ, ಅಂಚು ಅದುರಿದ ಕಣ್ಣು.

"ಅಕ್ಕ, ನೋಡು ಬಾ. ಇನ್ನು ನನ್ನ ಕೈಲಾಗಲ್ಲ" ಎಂದು ಅತ್ತಳು. ಅಕ್ಕ ಕಲ್ಲು ಬಿಟ್ಟು ಏಳಲಿಲ್ಲ. ಅವಳು ಎದ್ದು ಮೂಲೆಗೆ ಹೋಗಿ, ಇಷ್ಟು ವರ್ಷದಲ್ಲಿ ಮೊದಲ ಸಲ, ಅಕ್ಕನ ಎದುರಿಗೆ ಕೂತಳು.

ಅರೆಯುವ ಕಲ್ಲಿನ ಮೇಲೆ ಅಕ್ಕನ ಎರಡು ಕೈಯೂ ನಡುಗುತ್ತಿದ್ದವು. ಇವತ್ತಿನ ನಡುಕವಲ್ಲ ಅದು, ಬಹಳ ಹಳೆಯದು. ಗಿಣ್ಣು ಗಿಣ್ಣಿಗೂ ಒಗ್ಗಿ ಹೋಗಿತ್ತು.

"ಯಾವಾಗಿಂದ?" ಎಂದು ಕೇಳಿದಳು.

"ಅಪ್ಪ ಅಮ್ಮ ನಿನ್ನನ್ನ ನನ್ನ ಕೈಗೆ ಕೊಟ್ಟು ಹೋದರಲ್ಲ, ಅವತ್ತಿಂದ."

"ಹಾಗಾದರೆ ನೀನೇ ಯಾಕೆ ದೋಣಿ ಹತ್ತಲಿಲ್ಲ? ಮೊದಲ ದಿನವೇ ಬರ್ತಿತ್ತಲ್ಲ."

"ಬರ್ತಿತ್ತೇನೋ. ಬರದೆ ಇದ್ದಿದ್ದರೆ? ನಾನು ಗಾಳ ಹಿಡಿದರೆ ಕಾಯೋಳು ನೀನಾಗ್ತಿದ್ದೆ." ಅಕ್ಕ ತಲೆ ಎತ್ತಲಿಲ್ಲ. "ಅಷ್ಟು ಧೈರ್ಯ ನನಗೆಲ್ಲಿದೆ?"

ಅಷ್ಟು ಹೊತ್ತಿಗೆ ಬಾಗಿಲಲ್ಲಿ ಅಂಬಿಗ ನಿಂತು, ಕುಡಿಯಲು ನೀರು ಕೇಳಿದ.

ಅವಳು ಎದ್ದು ಗಡಿಗೆಯಿಂದ ನೀರು ಬಗ್ಗಿಸಿದಳು. ಅವನಿಗೆ ಕೊಡುವುದು ತುಂಬಿದ ಲೋಟ, ಅದು ಊರಿನ ರಿವಾಜು. ಅಂಚಿನವರೆಗೂ ತುಂಬಿಸಿದಳು. ನಡುಮನೆ ದಾಟುವಷ್ಟರಲ್ಲಿ ಸೆರಗು ಒದ್ದೆಯಾಯಿತು, ಹೊಸಿಲ ಹತ್ತಿರ ಕಾಲು ಒದ್ದೆಯಾಯಿತು. ಅವನ ಮುಂದೆ ಹಿಡಿದಾಗ ಲೋಟದಲ್ಲಿ ಅರ್ಧ ಉಳಿದಿತ್ತು.

ಅಂಬಿಗ ಅರ್ಧ ಲೋಟವನ್ನು ನೋಡಿದ. ಹಸಿರು ಸೀರೆಯವಳು ಹೋದ ಮೇಲೆ ಯಾರೂ ಅವನಿಗೆ ಅರ್ಧ ಲೋಟ ಕೊಟ್ಟಿರಲಿಲ್ಲ. ಅಂಗಳದಲ್ಲಿ ದೋಣಿಯ ಹೆದರಿದ ಕಣ್ಣು ನೋಡಿದ, ಮೂಲೆಯಲ್ಲಿ ಕೂತ ಅಕ್ಕನನ್ನು ನೋಡಿದ, ಎದುರಿಗೆ ನಿಂತ ತಂಗಿಯ ಸುಲಿದ ಬೆರಳು ನೋಡಿದ. ಮುಂದೊಂದು ವರ್ಷ ಸುತ್ತಿ ಈ ಮನೆಗೇ ಮತ್ತೆ ಸರದಿ ಬರುತ್ತದೆ. ಅದು ಅವನಿಗೂ ಗೊತ್ತಿತ್ತು.

ಅವನು ಕೈ ಚಾಚಿದ. ಸ್ವಲ್ಪ ಹೊತ್ತು ಇಬ್ಬರ ಕೈಯೂ ಲೋಟದ ಮೇಲಿತ್ತು, ನೀರು ಅಲುಗುತ್ತಿತ್ತು. ಅವಳು ತನ್ನ ಕೈ ತೆಗೆದುಕೊಂಡಳು. ಲೋಟ ಅವನೊಬ್ಬನ ಕೈಯಲ್ಲೇ ಉಳಿಯಿತು, ನೀರು ಇನ್ನೂ ಅಲುಗುತ್ತಲೇ ಇತ್ತು.